ಆನೆ ಕೂತರೂ ಮುರಿಯದ ಕುರ್ಚಿ

ಫೆಬ್ರವರಿ ೪, ಮಂಗಳವಾರ

ಇವತ್ತು ಕಮಾನು ಕೊರೆದೆ. ಕುರ್ಚಿಯ ಬೆನ್ನು, ಎರಡು ಕೈಗಳು ಎಲ್ಲ ಸೇರಿ ಒಂದೇ ಕಮಾನು. ಅದೇ ಈ ಕುರ್ಚಿಯ ಜೀವ. ಇದನ್ನು ಮೊದಲು ಮಾಡಿದವರು ನಾನು ಹುಟ್ಟುವ ಮೊದಲೇ ತೀರಿಕೊಂಡ ದೊಡ್ಡ ವಿನ್ಯಾಸಕಾರರು. ಮೂಲ ಕುರ್ಚಿಯನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರಂತೆ, ಯಾರೂ ಕೂರದ ಹಾಗೆ ಸುತ್ತ ಹಗ್ಗ ಕಟ್ಟಿ. ನಾನು ನೋಡಿರುವುದು ಪುಸ್ತಕದ ಫೋಟೋಗಳಲ್ಲಿ ಮಾತ್ರ. ಅವರನ್ನು ನಾನು ಮೇಷ್ಟ್ರು ಎಂದು ಕರೆಯುತ್ತೇನೆ. ಅವರ ಕಡೆಯಿಂದ ಇದುವರೆಗೆ ಆಕ್ಷೇಪಣೆ ಬಂದಿಲ್ಲ.

ಮೇಷ್ಟ್ರು ಉದ್ದನೆಯ ಒಂದೇ ಪಟ್ಟಿಯನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ್ದರು. ಹಾಗೆ ಮಾಡಿದರೆ ಮರದ ಎಳೆಯೂ ಕಮಾನಿನ ಜೊತೆಗೇ ತಿರುಗುತ್ತದೆ. ನನ್ನ ಹತ್ತಿರ ಹಬೆಯ ಪೆಟ್ಟಿಗೆ ಇಲ್ಲ, ಅದನ್ನು ಮಾಡಿಕೊಳ್ಳುವ ತಾಳ್ಮೆಯೂ ಇಲ್ಲ. ಅಗಲವಾದ ಹಲಗೆಯಿಂದ ಅದೇ ಆಕಾರವನ್ನು ಗರಗಸದಲ್ಲಿ ಕೊರೆದೆ. ಹೀಗೆ ಕೊರೆದರೆ ತಿರುವಿನಲ್ಲಿ ಎಳೆ ಅಡ್ಡಕ್ಕೆ ತುಂಡಾಗುತ್ತದೆ, ಅಲ್ಲಿ ಬಲ ಇರುವುದಿಲ್ಲ ಎಂದು ಪುಸ್ತಕದಲ್ಲಿ ಎಚ್ಚರಿಕೆ ಇದೆ. ಪುಸ್ತಕ ಬರೆಯುವವರು ಎಲ್ಲದಕ್ಕೂ ಎಚ್ಚರಿಕೆ ಕೊಡುತ್ತಾರೆ. ನೋಡುವವರ ಕಣ್ಣಿಗೆ ಎರಡೂ ಒಂದೇ.

ಈ ಡೈರಿಯನ್ನು ಔಷಧಿ ಕಂಪನಿಯವರು ನನ್ನ ಹೆಂಡತಿಗೆ ಕೊಟ್ಟಿದ್ದರು. ಇವಳು ಔಷಧದ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ವರ್ಷಕ್ಕೆ ಇಂಥವು ನಾಲ್ಕಾರು ಬರುತ್ತವೆ. ಇದರಲ್ಲಿ ಕುರ್ಚಿ ಕೆಲಸದ ವಿವರ ಮಾತ್ರ ಬರೆಯಬೇಕು ಎಂದುಕೊಂಡಿದ್ದೇನೆ. ಬೇರೆ ಗೋಳು ಬೇಡ.

ಫೆಬ್ರವರಿ ೧೧, ಮಂಗಳವಾರ

ನಾಲ್ಕು ಕಾಲುಗಳೂ ಆದವು. ಹಿಂಗಾಲುಗಳು ಬಾಗಿ ಮೇಲೇರಿ ಕಮಾನನ್ನು ಹಿಡಿದುಕೊಳ್ಳಬೇಕು. ಮೇಷ್ಟ್ರ ಕುರ್ಚಿಯ ಬೆಲೆಗೆ ಒಂದು ಸಣ್ಣ ಮನೆ ಸಿಗುತ್ತದಂತೆ. ನನ್ನದನ್ನು ಅದರ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲಿ ನೋಡೋಣ.

ಹಾಗೆ ನೋಡಿದರೆ ಇದು ನನ್ನ ಕಸುಬೇ. ಇಷ್ಟು ವರ್ಷ ಹಲ್ಲಿನ ಡಾಕ್ಟರಮ್ಮನ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ಮಾಡಿದವನು ನಾನು. ಮೇಣದಲ್ಲಿ ಅಚ್ಚು ತೆಗೆದು, ರೆಸಿನ್ ಎರಕ ಹೊಯ್ದು, ಪಕ್ಕದ ನಿಜವಾದ ಹಲ್ಲಿನ ಕಲೆಯನ್ನೂ ಸಣ್ಣ ಕುಂಚದಲ್ಲಿ ಬಿಡಿಸಿ ಕೂಡಿಸುತ್ತಿದ್ದೆ. ಸುಳ್ಳು ಹಲ್ಲೆಂದು ಗೊತ್ತಾಗಬಾರದು, ಅಷ್ಟೇ ನಮ್ಮ ಕಸುಬು. ಈಗ ಡಾಕ್ಟರಮ್ಮ ಮೆಷಿನ್ ತರಿಸಿದ್ದಾರೆ. ಅದು ಬಾಯಿಯ ಫೋಟೋ ತೆಗೆದು ತಾನೇ ಹಲ್ಲು ಕಡೆಯುತ್ತದೆ. "ಸ್ವಲ್ಪ ದಿನ ಮನೇಲಿರಿ, ಹೇಳಿ ಕಳಿಸ್ತೀನಿ" ಎಂದಿದ್ದಾರೆ. ಇದು ಕುರ್ಚಿಯ ವಿಷಯವಲ್ಲ.

ಇಡೀ ಮನೆಯಲ್ಲಿ ಮರದ ಹೊಟ್ಟು. ನಾನು ಕೂರುವುದಕ್ಕೆ ಜಾಗ ಮಾಡುತ್ತಿದ್ದೇನೋ ಇರುವ ಜಾಗವನ್ನೂ ಕಸಿದುಕೊಳ್ಳುತ್ತಿದ್ದೇನೋ ಎಂದು ಇವಳು ಕೇಳಿದಳು. ಅಕ್ಕ ಫೋನ್ ಮಾಡಿದ್ದಳಂತೆ. ಅಂಟು ಕೈಯಲ್ಲಿತ್ತು, ಆಮೇಲೆ ಮರೆತೇಹೋಯಿತು.

ಫೆಬ್ರವರಿ ೧೯, ಬುಧವಾರ

ಕಮಾನನ್ನು ಹಿಂಗಾಲಿಗೆ ಕೂರಿಸಿ ಕ್ಲ್ಯಾಂಪ್ ಬಿಗಿಯುವಾಗ ಟಿಕ್ ಎಂದಿತು.

ಎಡಗಡೆಯ ತಿರುವಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತದೆ. ನಿಯಮದ ಪ್ರಕಾರ ಕಮಾನನ್ನು ಒಲೆಗೆ ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಲಗೆ ಮುಗಿದಿದೆ. ಭಾನುವಾರ ಅಕ್ಕ, ಭಾವ, ಭಾವನ ತಮ್ಮ, ಅವನ ಹೆಂಡತಿ ಎಲ್ಲರನ್ನೂ ಕರೆದಾಗಿದೆ. ಮನಸ್ಸು ಕೆಟ್ಟುಹೋಯಿತು.

ಫೆಬ್ರವರಿ ೨೦, ಗುರುವಾರ

ಸರಿಹೋಯಿತು! ಬಿರುಕಿಗೆ ತೆಳು ಅಂಟು ಇಳಿಬಿಟ್ಟು, ಮೇಲೆ ಹಲ್ಲಿಗೆ ಬಳಸುವ ರೆಸಿನ್ ತುಂಬಿದೆ. ಕುಂಚದಿಂದ ಮರದ ಎಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಪಾಲಿಶ್ ಆದ ಮೇಲೆ ಇವಳನ್ನು ಕರೆದು, ಇದರಲ್ಲಿ ಎಲ್ಲೋ ಒಂದು ಕಡೆ ಒಂದು ಗುಟ್ಟಿದೆ, ಹುಡುಕು ಎಂದೆ. ಕನ್ನಡಕ ಹಾಕಿಕೊಂಡು ಸುತ್ತ ಹುಡುಕಿದಳು. ಬೆರಳಾಡಿಸಿದಳು. ಸಿಗಲಿಲ್ಲ. ನನಗೇ ಒಂದು ಕ್ಷಣ ಸಿಗಲಿಲ್ಲ.

ಡಾಕ್ಟರಮ್ಮನ ಮೆಷಿನ್ ಇದನ್ನು ಮಾಡಲಿ ನೋಡೋಣ.

ಫೆಬ್ರವರಿ ೨೨, ಶನಿವಾರ

ಕೂರುವ ಜಾಗಕ್ಕೆ ಹುರಿ ಹೆಣೆದು ಮುಗಿಯಿತು. ಕುರ್ಚಿಯನ್ನು ನಡುಮನೆಯ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಬೆಳಿಗ್ಗೆಯಿಂದ ಹತ್ತು ಸಲ ಹೋಗಿ ನೋಡಿದೆ. ಕೂತು ನೋಡಲಿಲ್ಲ. ಹುರಿ ಇನ್ನೂ ಸ್ವಲ್ಪ ಬಿಗಿಯಾಗಲಿ ಎಂದು.

ಫೆಬ್ರವರಿ ೨೩, ಭಾನುವಾರ

ಕುರ್ಚಿ ಮುರಿಯಿತು. ಅಕ್ಕನ ಎಡಗೈ ಮಣಿಕಟ್ಟು ಮುರಿದಿದೆ.

ಫೆಬ್ರವರಿ ೨೪, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಮೊದಲು ಭಾವ ಕೂತರು. ಅವರು ಕಡ್ಡಿಯಂಥ ಮನುಷ್ಯ. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಕೆಲಸ, ಆದ್ದರಿಂದ ಯಾರನ್ನು ಕಂಡರೂ ತೂಕದ್ದೇ ತಮಾಷೆ. ಕೂತು, ಎದ್ದು, ಚೆನ್ನಾಗಿದೆ ಎಂದರು. ಅವರ ತಮ್ಮನೂ ಅವನ ಹೆಂಡತಿಯೂ ಕೂತು ಎದ್ದರು. ಅಕ್ಕ ಮಾತ್ರ ಬಾಗಿಲ ಹತ್ತಿರವೇ ನಿಂತು ನೋಡುತ್ತಿದ್ದಳು. ಕರೆದೆ.

"ಬೇಡ ಕಣೋ ಮೊಲ. ಇದು ನನ್ನಂಥವರು ಕೂರೋ ಕುರ್ಚಿ ಅಲ್ಲ" ಎಂದಳು. ಚಿಕ್ಕವನಿದ್ದಾಗ ನನ್ನ ಮುಂದಿನ ಹಲ್ಲು ಉಬ್ಬಿದ್ದವು. ಅಂದಿನಿಂದ ಅವಳಿಗೆ ನಾನು ಮೊಲ.

"ಕೂರಕ್ಕ, ಆನೆ ಕೂತರೂ ಏನೂ ಆಗಲ್ಲ" ಎಂದೆ.

ಎಲ್ಲರೂ ನಕ್ಕರು. ಅವಳೂ ನಕ್ಕು, ಬಂದು, ತುದಿಯಲ್ಲಿ ಕೂತಳು. ಹಾಗಲ್ಲ, ಪೂರ್ತಿ ಒರಗು, ಕೈ ಇಡು, ಆಗ ಗೊತ್ತಾಗುವುದು ಎಂದು ನಾನೇ ಹೇಳಿದೆ. ಒರಗಿದಳು. ಕಣ್ಣು ಮುಚ್ಚಿಕೊಂಡು "ಹಾಯಾಗಿದೆ ಕಣೋ" ಎಂದಳು. ಭಾವ ಏನೋ ಅಂದರು, ಅವಳು ನಗುತ್ತ ಇನ್ನಷ್ಟು ಹಿಂದಕ್ಕೆ ವಾಲಿದಳು. ಎಡಗಡೆಯ ತಿರುವಿನಲ್ಲೇ ಮುರಿಯಿತು. ಅವಳು ಹಿಂದಕ್ಕೆ ಬಿದ್ದಳು, ಕೈ ಊರಿದಳು.

ಎಲ್ಲರೂ ಅಕ್ಕನ ಹತ್ತಿರ ಓಡಿದರು. ನಾನು ಕುರ್ಚಿಯ ಹತ್ತಿರ ಹೋದೆ. ಮುರಿದ ಕಮಾನಿನ ಎರಡು ತುಂಡುಗಳನ್ನೂ ಎತ್ತಿ ಒಳಗಿನ ಕೋಣೆಯ ಮಂಚದ ಕೆಳಗೆ ಇಟ್ಟೆ. ಮುರಿದ ಮುಖದಲ್ಲಿ ಅರ್ಧ ಬೆಳ್ಳಗೆ ಹೊಸದಾಗಿತ್ತು, ಅರ್ಧ ಅಂಟು ಹಿಡಿದು ಕಂದಾಗಿ ಮಿರುಗುತ್ತಿತ್ತು. ಅದಕ್ಕೆ ಎತ್ತಿಟ್ಟೆ ಎಂದಲ್ಲ. ಚೂಪಾಗಿತ್ತು, ಯಾರ ಕಾಲಿಗಾದರೂ ಚುಚ್ಚುತ್ತಿತ್ತು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅಂಚು ನೀಟಾಗಿ ತೀಡಿಲ್ಲ. ಅದನ್ನು ನೋಡುತ್ತ ನಿಂತಿದ್ದೆ.

ಫೆಬ್ರವರಿ ೨೬, ಬುಧವಾರ

ಅಕ್ಕ ಬಂದಿದ್ದಳು. ಕೈ ಜೋಳಿಗೆಯಲ್ಲಿ ನೇತುಹಾಕಿಕೊಂಡು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ನಾನೇ ಹೋಗಬೇಕಿತ್ತು. ಹೋಗಬೇಕೆಂದು ಎರಡು ದಿನದಿಂದ ಚಪ್ಪಲಿ ಹಾಕಿಕೊಳ್ಳುವುದು, ಬಿಡುವುದು ಮಾಡುತ್ತಿದ್ದೆ.

"ತಪ್ಪಾಯ್ತು ಕಣೋ. ಅಷ್ಟು ದಿನ ಕೂತು ಮಾಡಿದ್ದೆ. ಬೇಡ ಅಂದ್ಕೊಂಡೇ ಕೂತೆ ನೋಡು. ಒಂದು ನಿಮಿಷಕ್ಕೆ ಹಾಳು ಮಾಡಿಬಿಟ್ಟೆ" ಎಂದಳು.

ನಾನು "ಪರವಾಗಿಲ್ಲ ಬಿಡಕ್ಕ" ಎಂದೆ.

ಬೇರೆ ಏನು ಹೇಳಬಹುದಿತ್ತು? ಆ ಮಾತು ತಾನಾಗಿಯೇ ಬಾಯಿಗೆ ಬಂತು. ಯಾರು ತಪ್ಪಾಯ್ತು ಎಂದರೂ ಪರವಾಗಿಲ್ಲ ಎನ್ನುವುದು ಅಭ್ಯಾಸ. ಅವಳಿಗೂ ಸಮಾಧಾನವಾದ ಹಾಗೆ ಕಂಡಿತು. ಆಮೇಲೆ ಇವಳು ಚಹಾ ತಂದಳು. ಸಕ್ಕರೆ ಹಾಕಿದ್ದೀಯಾ ಎಂದು ಕೇಳಿ, ಹಾಕಿದ್ದಾಳೆಂದು ತಿಳಿದು ಅಕ್ಕ ಕುಡಿಯಲಿಲ್ಲ. ಅಷ್ಟು ಹೊತ್ತೂ ನಿಂತೇ ಇದ್ದಳು. ಕೂರು ಎಂದರೆ, ಈಗ ಹೊರಟೆ ಎಂದಳು.

ಪೊಟ್ಟಣದಲ್ಲಿ ಇದ್ದದ್ದು ನಾನು ಚಿಕ್ಕಂದಿನಲ್ಲಿ ಕದ್ದು ತಿನ್ನುತ್ತಿದ್ದ ಬಿಸ್ಕತ್ತು. ಒಂದೂ ತಿನ್ನಲಾಗಲಿಲ್ಲ.

ಮಾರ್ಚ್ ೨, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆವು. ಭಾವನ ತಮ್ಮನೂ ಅವನ ಹೆಂಡತಿಯೂ ಇದ್ದರು. ಭಾವ ಕಥೆಯನ್ನು ಚೆನ್ನಾಗಿ ಕಟ್ಟಿಕೊಂಡಿದ್ದಾರೆ. "ಬಾಮೈದ ಹೇಳಿದ್ದು ಸರೀನೇ, ಆನೆ ಕೂತರೂ ಏನೂ ಆಗಲ್ಲ. ಆನೆ ಅಂದಿದ್ದನೇ ಹೊರತು ತನ್ನಕ್ಕ ಅಂದಿರಲಿಲ್ಲ." ಎಲ್ಲರೂ ನಕ್ಕರು. ಮುಂದಿನ ಸಲ ವೇಬ್ರಿಡ್ಜಿಗೆ ಕರೆದುಕೊಂಡು ಹೋಗಿ ತೂಕದ ಚೀಟಿ ಹರಿಸಿಕೊಂಡೇ ಕೂರಿಸಬೇಕಂತೆ. ಅದಕ್ಕೂ ನಕ್ಕರು. ಅಕ್ಕನೂ ನಕ್ಕಳು. ನಾನೂ ನಕ್ಕೆ.

ನಕ್ಕೆ ಎಂದು ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ. ಬಾಯಿ ತಾನಾಗಿ ಅಗಲವಾಯಿತು. ನಗದಿದ್ದರೆ ಯಾಕೆ ನಗಲಿಲ್ಲ ಎಂದು ಕೇಳುತ್ತಿದ್ದರು.

ಊಟಕ್ಕೆ ಎಲ್ಲರಿಗೂ ಬಡಿಸಿ ಅಕ್ಕ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ತಿಂದಳು. ಒಂದೇ ಕೈಯಲ್ಲಿ, ತಟ್ಟೆ ಕಟ್ಟೆಯ ಮೇಲಿಟ್ಟುಕೊಂಡು. ಸ್ವಲ್ಪವೇ ಬಡಿಸಿಕೊಂಡಿದ್ದಳು.

ಮಾರ್ಚ್ ೭, ಶುಕ್ರವಾರ

ಬಸ್ ನಿಲ್ದಾಣದ ಕಡೆ ಕೆಲಸವಿತ್ತು. ಕೆಲಸವಿರಲಿಲ್ಲ, ಹೋದೆ.

ಅಕ್ಕ ಅಲ್ಲಿ ವಿಚಾರಣೆ ಕೌಂಟರಿನಲ್ಲಿರುವವಳು. ಗಾಜಿನ ಹಿಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೇಳಿದವರಿಗೆ ಹೇಳುತ್ತಾಳೆ, ಮೈಕಿನಲ್ಲಿ ಕೂಗುತ್ತಾಳೆ. ನಿಲ್ದಾಣಕ್ಕೆ ಕಾಲಿಟ್ಟ ಕೂಡಲೇ ಅವಳ ದನಿ ಕೇಳಿಸಿತು. ಮನೆಯಲ್ಲಿ ಅವಳು ಅಷ್ಟು ಗಟ್ಟಿಯಾಗಿ ಎಂದೂ ಮಾತಾಡುವುದಿಲ್ಲ. ಕಂಬದ ಮರೆಯಲ್ಲಿ ನಿಂತು ನೋಡಿದೆ. ಕೌಂಟರಿನೊಳಗೆ ನಿಂತಿದ್ದಳು. ಹಿಂದೆ ಕಬ್ಬಿಣದ ಕುರ್ಚಿ ಖಾಲಿ ಇತ್ತು. ಅದರ ಮೇಲೆ ಅವಳ ಕೈಚೀಲ ಕೂತಿತ್ತು. ಮೈಕ್ ಕೂತವರ ಎತ್ತರಕ್ಕಿದೆ, ಪ್ರತಿ ಸಲವೂ ಬಗ್ಗಿ ಕೂಗುತ್ತಿದ್ದಳು. ಪಕ್ಕದವಳು ಕುರ್ಚಿ ತೋರಿಸಿ ಏನೋ ಅಂದಳು, ಅಕ್ಕ ಕೈಯಾಡಿಸಿ ಬೇಡವೆಂದಳು.

ಕಬ್ಬಿಣದ ಕುರ್ಚಿ ಮುರಿಯುತ್ತದೆಯೇ? ಅವಳಿಗೂ ಗೊತ್ತು ಮುರಿಯುವುದಿಲ್ಲ ಎಂದು. ಬಹಳ ಹೊತ್ತು ನೋಡಿ, ಅವಳು ಈ ಕಡೆ ತಿರುಗುವ ಮೊದಲು ಬಂದುಬಿಟ್ಟೆ.

ಮಾರ್ಚ್ ೧೨, ಬುಧವಾರ

ಏನೂ ಮಾಡಲಿಲ್ಲ.

ಮಾರ್ಚ್ ೧೫, ಶನಿವಾರ

ದಾರಿ ಹೊಳೆಯಿತು. ಅಕ್ಕನಿಗೆಂದೇ ಒಂದು ಕುರ್ಚಿ ಮಾಡುತ್ತೇನೆ. ಮೇಷ್ಟ್ರ ಕುರ್ಚಿ ಬೇಡ, ಯಾರ ನಕಲೂ ಬೇಡ. ದಪ್ಪ ಕಾಲು, ನೆಟ್ಟಗಿನ ಬೆನ್ನು, ಎಲ್ಲೂ ತಿರುವಿಲ್ಲ. ಇಬ್ಬರು ಕೂತರೂ ಅಲುಗಬಾರದು. ಕೂತು ಅವಳಿಗೆ ಧೈರ್ಯ ಬಂದರೆ ಎಲ್ಲ ಸರಿಹೋಗುತ್ತದೆ, ಹಳೆಯದನ್ನು ಕೆದಕುವ ಅಗತ್ಯವೇ ಬೀಳುವುದಿಲ್ಲ.

ಅಳತೆ ಬೇಕಿತ್ತು. ಕೂತರಲ್ಲವೇ ಅಳತೆ ಸಿಗುವುದು. ಅವಳು ಹಾಸಿಗೆಯ ಮೇಲೆ ಕೂತಿದ್ದಾಗ ಕಣ್ಣಳತೆಯಲ್ಲೇ ಹಿಡಿದೆ. ಈ ನಡುವೆ ದಿನವೂ ಸಂಜೆ ಅಲ್ಲಿಗೆ ಹೋಗುತ್ತಿದ್ದೇನೆ. ಒಂದೇ ಕೈಯಲ್ಲಿ ಅವಳಿಗೆ ತರಕಾರಿ ಹೆಚ್ಚಲಾಗುವುದಿಲ್ಲ, ಪಾತ್ರೆ ತಿಕ್ಕಲಾಗುವುದಿಲ್ಲ. ಭಾವ ಅಡುಗೆಮನೆಗೆ ಬಂದರೆ ನೀರಿನ ಲೋಟ ಎಲ್ಲಿದೆ ಎಂದು ಕೇಳುತ್ತಾರೆ. ಬಟ್ಟೆ ಒಣಹಾಕಿ ಬಂದೆ. ನನ್ನ ಮೊಲಕ್ಕೆ ಎಷ್ಟು ಅಕ್ಕರೆ ನೋಡು ಎಂದು ಅಕ್ಕ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಕೇಳಿಸದವನ ಹಾಗೆ ಬಂದೆ.

ಮಾರ್ಚ್ ೨೩, ಭಾನುವಾರ

ಹೊಸ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಕೊಂಡೊಯ್ದು ಕೊಟ್ಟೆ. ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಲು ನೋಡಿ, ಆಗದೆ, ಇದು ಕುರ್ಚಿಯೋ ಲಾರಿಯ ಬಂಪರೋ ಎಂದರು. ಆನೆಗೆ ಹೇಳಿ ಮಾಡಿಸಿದ ಹಾಗಿದೆ ಎಂದರು.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟು ದಪ್ಪದ ಕಾಲುಗಳನ್ನು ಕಂಡರೆ ಯಾರಿಗಾದರೂ ಏನನ್ನಿಸುತ್ತದೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಅಕ್ಕ ಕುರ್ಚಿಯ ಕಾಲುಗಳನ್ನೇ ನೋಡಿದಳು. "ಚೆನ್ನಾಗಿದೆ ಕಣೋ. ಆ ಗೋಡೆ ಹತ್ರ ಇಡು" ಎಂದಳು. ಇಟ್ಟೆ. ಸ್ವಲ್ಪ ಹೊತ್ತಿಗೆ ಮಡಚಿದ ಬಟ್ಟೆಗಳನ್ನು ತಂದು ಅದರ ಮೇಲೆ ಒಟ್ಟಿದಳು.

ಮಾರ್ಚ್ ೨೭, ಗುರುವಾರ

ಡಾಕ್ಟರಮ್ಮ ಕರೆಸಿದ್ದರು. ಒಬ್ಬ ಮುದುಕರ ಹಳೆಯ ಸೆಟ್ ಬಿರುಕು ಬಿಟ್ಟಿದೆ. ಹೊಸದು ಬೇಡ, ಅದನ್ನೇ ಸರಿಮಾಡಿ ಕೊಡಿ ಎಂದು ಹಟ ಹಿಡಿದಿದ್ದಾರಂತೆ. ಮೆಷಿನ್ನಿಗೆ ಹೊಸದು ಮಾಡಲು ಬರುತ್ತದೆ, ರಿಪೇರಿ ಬರುವುದಿಲ್ಲ. ನನ್ನ ಹಳೆಯ ಮೇಜು ಮೂಲೆಗೆ ಸರಿದಿತ್ತು. ಧೂಳು ಒರೆಸಿ ಕೂತೆ.

ಬಿರುಕು ಬಿಟ್ಟ ಸೆಟ್ಟನ್ನು ಮೇಲಿಂದ ತುಂಬುವ ಹಾಗಿಲ್ಲ. ತುಂಬಿ ಕೊಟ್ಟರೆ ಒಳಗಿನ ಬಿರುಕು ಹಾಗೇ ಇರುತ್ತದೆ, ಅಗಿಯುವಾಗ ಬಾಯಲ್ಲೇ ಮುರಿದು ಗಾಯ ಮಾಡುತ್ತದೆ. ಮೊದಲು ಬಿರುಕನ್ನು ಬಿಡಿಸಬೇಕು. ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೂ ಕೊರೆದು ಬಾಯಿ ತೆರೆದು, ಆಮೇಲೆ ತಳದಿಂದ ತುಂಬಿಕೊಂಡು ಬರಬೇಕು. ಈ ಕಸುಬಿನಲ್ಲಿ ಮೊದಲು ಕಲಿಸುವುದೇ ಇದನ್ನು. ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ.

ಕೊರೆಯುತ್ತ ಕೊರೆಯುತ್ತ ಕೈ ನಿಂತುಹೋಯಿತು. ಕಮಾನಿಗೆ ಮೇಲಿಂದ ರೆಸಿನ್ ತುಂಬಿದ ದಿನ ನನಗೆ ಇದು ಗೊತ್ತಿರಲಿಲ್ಲವೇ? ಮರದ ವಿಷಯ ಗೊತ್ತಿರಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಗೊತ್ತಿತ್ತು. ಅದಕ್ಕೇ ನಾನು ಕೂತು ನೋಡಲಿಲ್ಲ. ನಾನು ಕೂರದ ಕುರ್ಚಿಯಲ್ಲಿ, ಬೇಡ ಎಂದವಳನ್ನು ಕೂರಿಸಿದೆ.

ಕೆಲಸ ಎಂದಿನಂತಿಲ್ಲ ಎಂದು ಡಾಕ್ಟರಮ್ಮನಿಗೆ ಅನ್ನಿಸಿರಬೇಕು. ಹುಷಾರಾಗಿದ್ದೀರಾ ಎಂದು ಕೇಳಿದರು.

ಮಾರ್ಚ್ ೩೧, ಸೋಮವಾರ

ಇವಳು ಅಂಗಡಿಯಿಂದ ಬಂದವಳು ಚೀಲ ಇಡದೆ ನನ್ನ ಎದುರಿಗೆ ನಿಂತಳು. ಅಕ್ಕ ತೆಳ್ಳಗಾಗುವ ಪುಡಿ ಕೇಳಿಕೊಂಡು ಇವಳ ಕೌಂಟರಿಗೇ ಬಂದಿದ್ದಳಂತೆ. ಅದು ಮೈಗೆ ಒಳ್ಳೆಯದಲ್ಲ ಎಂದು ಇವಳು ಕೊಡಲಿಲ್ಲ. ಮಧ್ಯಾಹ್ನ ನಿಲ್ದಾಣದ ಕೌಂಟರಿನಲ್ಲಿ ನಿಂತಿದ್ದ ಹಾಗೇ ಅಕ್ಕನಿಗೆ ಕಣ್ಣು ಕತ್ತಲೆ ಬಂದು ಗಾಜಿಗೆ ಹಣೆ ತಗುಲಿದೆ. ಪಕ್ಕದವಳು ಹಿಡಿದು ಕೂರಿಸಿದರೆ, ಸುಧಾರಿಸಿಕೊಂಡು ಮತ್ತೆ ಎದ್ದು ನಿಂತಿದ್ದಾಳೆ.

"ಅತ್ತಿಗೆ ಸಕ್ಕರೆ ಬಿಟ್ಟರು, ರಾತ್ರಿ ಊಟ ಬಿಟ್ಟರು, ಕೂರೋದು ಬಿಟ್ಟರು. ನೀವೇನು ಬಿಟ್ಟಿರಿ?" ಎಂದಳು.

ಇವಳು ಒಳಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಕಮಾನಿನ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟಳು. ನೋಡಿ ಬಹಳ ದಿನವಾಗಿದೆಯಂತೆ, ಕಸ ಗುಡಿಸುವಾಗಲೇ ಸಿಕ್ಕಿತಂತೆ. ನಾನು ಹುಡುಕು ಎಂದಿದ್ದ ಗುಟ್ಟು ಸಿಕ್ಕಿತು ಎಂದು ಯಾಕೆ ಹೇಳಲಿಲ್ಲ ಎಂದರೆ, ನಾನಾಗಿ ಹೇಳುತ್ತೇನೇನೋ ಎಂದು ಕಾಯುತ್ತಿದ್ದಳಂತೆ. ಆಮೇಲೆ ಕೈ ತೊಳೆದು ಅಡುಗೆಗೆ ಇಟ್ಟಳು. ನನಗೆ ತಲೆ ಎತ್ತಲಾಗಲಿಲ್ಲ.

ಏಪ್ರಿಲ್ ೨, ಬುಧವಾರ

ಅಕ್ಕನೊಬ್ಬಳಿಗೇ ಹೇಳಿದರೆ ಸಾಕು ಎಂದುಕೊಂಡು ಹೋದೆ. ಬದನೆಕಾಯಿ ಹೆಚ್ಚಿ ಕೊಟ್ಟು ಬಂದೆ.

ಏಪ್ರಿಲ್ ೩, ಗುರುವಾರ

ಅವಳೊಬ್ಬಳಿಗೇ ಹೇಳಿದರೆ ಸಾಲದು. ನಕ್ಕದ್ದು ಎಲ್ಲರ ಎದುರಿಗೆ.

ಏಪ್ರಿಲ್ ೬, ಭಾನುವಾರ

ಅಕ್ಕನ ಪ್ಲಾಸ್ಟರ್ ನಿನ್ನೆ ಬಿಚ್ಚಿದ್ದಾರೆ. ಅದಕ್ಕೆಂದು ಎಲ್ಲರನ್ನೂ ಊಟಕ್ಕೆ ಕರೆದಿದ್ದಳು. ಕೈ ಸಣ್ಣಗಾಗಿ ಬಿಳಿಚಿಕೊಂಡಿತ್ತು. ಮುಖವೂ ಇಳಿದಿತ್ತು. ಭಾವನ ತಮ್ಮನ ಹೆಂಡತಿ ಅದನ್ನು ಹೊಗಳಿಕೆಯ ಹಾಗೆ ಹೇಳಿದಳು, ಅಕ್ಕನೂ ಹಾಗೇ ತೆಗೆದುಕೊಂಡಳು. ಭಾವ, ಆನೆ ಈಗ ಮರಿಯಾಗಿದೆ ಎಂದರು.

"ಭಾವ, ಆನೆ ವಿಷಯ ಇನ್ನು ಬೇಡ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಚೀಲದಿಂದ ಎರಡು ತುಂಡುಗಳನ್ನು ತೆಗೆದು ಅಕ್ಕನ ಕೈಗೆ ಕೊಟ್ಟೆ. ಈ ಕಂದು ಬಣ್ಣದ ಜಾಗ ಮೊದಲೇ ಬಿರುಕು ಬಿಟ್ಟಿತ್ತು, ನೀವೆಲ್ಲ ಬರುವ ಮೊದಲೇ. ನಾನು ಅಂಟು ಹಾಕಿ, ಬಣ್ಣ ಹಚ್ಚಿ, ಕಾಣದ ಹಾಗೆ ಮಾಡಿದ್ದೆ. ಯಾರು ಒರಗಿದ್ದರೂ ಮುರಿಯುತ್ತಿತ್ತು, ಅಕ್ಕ ಭಾರವಾಗಿದ್ದಕ್ಕೆ ಮುರಿಯಲಿಲ್ಲ. ಇಷ್ಟನ್ನು ಹೇಳುವುದಕ್ಕೆ ಮನೆಯಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ. ಹೇಳುವಾಗ ಹಿಂದೆ ಮುಂದೆ ಆಯಿತು.

ಭಾವ ನಗಲು ಹೊರಟವರು ನಿಲ್ಲಿಸಿದರು. ಅವರ ತಮ್ಮ ಫೋನ್ ನೋಡತೊಡಗಿದ. ಅಕ್ಕ ಕಂದು ಜಾಗದ ಮೇಲೆ ಬೆರಳಿಟ್ಟು ನಿಧಾನವಾಗಿ ಸವರುತ್ತಿದ್ದಳು, ಅಷ್ಟು ದಿನ ಪ್ಲಾಸ್ಟರಿನೊಳಗಿದ್ದ ಕೈಯಿಂದಲೇ.

"ಅವತ್ತು ನಾನು ಕೂರುವಾಗ ನಿನಗೆ ಗೊತ್ತಿತ್ತಾ?" ಎಂದು ಕೇಳಿದಳು.

"ಗೊತ್ತಿತ್ತಕ್ಕ."

"ನಾನು ಬೇಡ ಅಂದೆ."

"ಹೂಂ."

ಅವಳು ತುಂಡುಗಳನ್ನು ಕೆಳಗಿಟ್ಟಳು. ಗೋಡೆಯ ಹತ್ತಿರ ನಾನು ಮಾಡಿಕೊಟ್ಟ ಕುರ್ಚಿ ಬಟ್ಟೆ ಹೊತ್ತುಕೊಂಡು ನಿಂತಿತ್ತು. ಅದರ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಎಲ್ಲರ ನಡುವೆ ಹಾಕಿ, ಕೂತಳು. ತುದಿಯಲ್ಲಿ ಅಲ್ಲ, ಪೂರ್ತಿ ಒರಗಿ ಕೂತಳು. ಕುರ್ಚಿ ಕಿರ್ರೆಂದಿತು. ಯಾರೂ ನಗಲಿಲ್ಲ.

"ಕೈ ಮುರಿದದ್ದಕ್ಕೆ ನನಗೇನೂ ಇಲ್ಲ. ಕೈ ಕೂಡಿಕೊಳ್ತು" ಎಂದಳು. "ನಾನೇ ನಿನ್ನ ಮನೆಗೆ ಬಂದು ತಪ್ಪಾಯ್ತು ಅಂದೆ. ಪರವಾಗಿಲ್ಲ ಅಂದೆಯಲ್ಲೋ ನೀನು."

ಬಾಯಿಗೆ ಬಂದದ್ದು ಅವಳು ಅವತ್ತು ಅಂದ ಮಾತೇ. ತಪ್ಪಾಯ್ತಕ್ಕ ಎಂದೆ. ಅವಳು ಏನಾದರೂ ಅನ್ನುತ್ತಾಳೆಂದು ಕಾದೆ. ಪರವಾಗಿಲ್ಲ ಎನ್ನಲಿಲ್ಲ. ನನ್ನ ಕಡೆ ತಿರುಗಿದಳು.

"ಇನ್ನು ನೀವು ಹೊರಡಿ" ಎಂದಳು.

ಹುಟ್ಟಿದಾಗಿನಿಂದ ಅಕ್ಕ ನನಗೆ ನೀವು ಎಂದವಳಲ್ಲ. ಒಂದು ಕ್ಷಣ ಬೇರೆ ಯಾರಿಗೋ ಹೇಳುತ್ತಿದ್ದಾಳೆ ಎಂದುಕೊಂಡು ಹಿಂದೆ ತಿರುಗಿ ನೋಡಿದೆ. ಇವಳು ಊಟಕ್ಕೆ ಅಲ್ಲೇ ಉಳಿದಳು. ನಾನು ಒಬ್ಬನೇ ನಡೆದುಕೊಂಡು ಬಂದೆ.

ಏಪ್ರಿಲ್ ೯, ಬುಧವಾರ

ಅಕ್ಕ ಸಕ್ಕರೆ ಹಾಕಿದ ಚಹಾ ಕುಡಿದಳಂತೆ. ಇವಳು ಹೇಳಿದಳು. ಎರಡು ಲೋಟ ಕುಡಿದಳಂತೆ. ಭಾವ ತಾವೇ ಮಾಡಿಕೊಟ್ಟರಂತೆ, ಲೋಟ ಎಲ್ಲಿದೆ ಎಂದು ಕೇಳಿಕೊಂಡು.

ನನ್ನನ್ನು ಕೇಳಿದಳಾ ಎಂದೆ. ಇಲ್ಲ ಎಂದಳು.

ಏಪ್ರಿಲ್ ೧೨, ಶನಿವಾರ

ಡಾಕ್ಟರಮ್ಮ ಫೋನ್ ಮಾಡಿ, ರಿಪೇರಿ ಕೆಲಸಕ್ಕೆ ವಾರದಲ್ಲಿ ಕೆಲವು ದಿನ ಬನ್ನಿ ಎಂದಿದ್ದಾರೆ. ಹೂಂ ಎಂದೆ. ಮೂರು ತಿಂಗಳ ಹಿಂದೆ ಈ ಫೋನಿಗೆ ಎಷ್ಟು ಕಾದಿದ್ದೆ. ಹಿಂದಿನ ಕೋಣೆ ಗುಡಿಸಿದೆ. ಗರಗಸ, ಉಳಿ ಎಲ್ಲ ಒರೆಸಿ ಎತ್ತಿಟ್ಟೆ. ಮೇಷ್ಟ್ರ ಪುಸ್ತಕ ಎಲ್ಲಿಟ್ಟೆನೋ ನೆನಪಿಲ್ಲ, ಹುಡುಕಲಿಲ್ಲ. ಅಕ್ಕನಿಗೆ ಬಲಗೈಯಲ್ಲಿ ಮಾತ್ರ ಭಾರ ಎತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರಂತೆ. ಅವಳು ಕೇಳುವವಳಲ್ಲ. ನೀರಿನ ಬಕೆಟ್ಟನ್ನು ಎಡಗೈಯಲ್ಲೇ ಎತ್ತುತ್ತಾಳೆ.

ಏಪ್ರಿಲ್ ೧೭, ಗುರುವಾರ

ಲ್ಯಾಬಿನಿಂದ ಬರುವಾಗ ನಿಲ್ದಾಣದ ಒಳಗೆ ಹೋದೆ. ಹೊರಗಿನಿಂದಲೇ ದನಿ ಕೇಳಿಸುತ್ತಿತ್ತು. ದನಿ ಕೇಳಿದರೆ ನಿಂತು ಕೂಗುತ್ತಿದ್ದಾಳೋ ಕೂತು ಕೂಗುತ್ತಿದ್ದಾಳೋ ತಿಳಿಯುವುದಿಲ್ಲ. ಈ ಸಲ ಕಂಬದ ಮರೆಯಲ್ಲಿ ನಿಲ್ಲಲಿಲ್ಲ. ವಿಚಾರಣೆ ಕೌಂಟರಿನ ಮುಂದೆ ಸಾಲಿತ್ತು, ಸಾಲಿನಲ್ಲಿ ನಿಂತೆ.

ಕೂತಿದ್ದಳು. ಕಬ್ಬಿಣದ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೈಚೀಲ ಕೆಳಗೆ ಕಾಲ ಹತ್ತಿರ ಇತ್ತು. ಮೈಕ್ ಅವಳ ಬಾಯಿಗೆ ಸರಿಯಾಗಿತ್ತು.

ನನ್ನ ಮುಂದಿದ್ದವರೆಲ್ಲ ಕೇಳಿಕೊಂಡು ಹೋದರು. ಗಾಜಿನ ತೂತಿನ ಎದುರು ನಿಂತಾಗ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿರಲಿಲ್ಲ ಎಂಬುದು ಆಗ ಹೊಳೆಯಿತು. ಅವಳು ತಲೆ ಎತ್ತಿದಳು. ಯಾರನ್ನಾದರೂ ನೋಡುವ ಹಾಗೆಯೇ ನೋಡಿದಳು.

"ಎಲ್ಲಿಗೆ ಹೋಗಬೇಕು ನೀವು?"

"ಎಲ್ಲಿಗೂ ಇಲ್ಲ ಅಕ್ಕ" ಎಂದೆ.

ಅವಳು ಮೈಕಿನ ಕಡೆ ತಿರುಗಿ, ಹೊರಡಲು ಸಿದ್ಧವಾಗಿದ್ದ ಯಾವುದೋ ಬಸ್ಸನ್ನು ಎರಡು ಸಲ ಕೂಗಿದಳು. ಕೂಗಿ ಮುಗಿದ ಮೇಲೆ ಮುಂದಿದ್ದ ಕಾಗದಗಳನ್ನು ಸರಿಮಾಡಿದಳು. ನನ್ನ ಹಿಂದಿದ್ದವನು ಬೇಗ ಬೇಗ ಎನ್ನುತ್ತಿದ್ದ.

"ಪಕ್ಕಕ್ಕೆ ನಿಂತ್ಕೋ" ಎಂದಳು, ತಲೆ ಎತ್ತದೆ. "ಹಿಂದೆ ಜನ ಇದ್ದಾರೆ."

ನಿಂತುಕೊಂಡೆ.